ಎರಡನೆಯ ವಾದಿ

ಬಿಳೇಗುಂಡ, ಸುರಪುರ ತಾಲೂಕು
೧೪ ಜೂನ್ ೨೦೧೩

ಚಿ. ಜಹೀರುನ್ನೀಸಾಳಿಗೆ ಖಂಡಪ್ಪ ಮಾಸ್ತರನ ಆಶೀರ್ವಾದಗಳು.

ನೀನು ಯಾದಗಿರಿಯಲ್ಲಿ ವಕೀಲಿ ಆರಂಭಿಸಿ ಎರಡು ವರ್ಷವಾಯಿತೆಂದು ನಿನ್ನ ತಂದೆ ಸುಲ್ತಾನಸಾಬರಿಂದ ತಿಳಿಯಿತು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತಿಗೆ ದಿನಾಂಕವಿಲ್ಲ, ರುಜುವಿಲ್ಲ. ಆದ್ದರಿಂದ ನೀನೂ ಪತ್ರದಲ್ಲಿಯೇ ಉತ್ತರಿಸತಕ್ಕದ್ದು.

ವಿಷಯ ಇಷ್ಟು. ಊರಿನ ಮೇಲ್ಭಾಗದಲ್ಲಿರುವ ಗುರಣ್ಣ ಸಾಹುಕಾರರ ಅಕ್ಕಿ ಗಿರಣಿ ನಿನಗೆ ಗೊತ್ತಿದೆ. ಕಾಲುವೆಯ ನೀರು ಬಂದು, ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಹುಟ್ಟಿಕೊಂಡದ್ದು. ಅಲ್ಲಿ ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ನೆನೆಹಾಕಿದ ನೀರು ಹುಳಿತು ಕಂದಾಗುತ್ತದೆ. ಅದನ್ನು ಬೇಸಿಗೆಯಿಡೀ ಒಂದು ಹೊಂಡದಲ್ಲಿ ತುಂಬಿಟ್ಟು, ಮಳೆ ಬಿದ್ದ ದಿನ ಹೊಂಡದ ಬಾಯಿ ತೆರೆದು ಮಳೆನೀರಿನ ಚರಂಡಿಗೆ ಬಿಡುತ್ತಾರೆ. ಕೇಳಿದರೆ, ‘ಹರಿದದ್ದು ಮಳೆಯ ನೀರು’ ಎನ್ನುತ್ತಾರೆ.

ಆ ಚರಂಡಿ ನಮ್ಮ ಶಾಲೆಯ ಹಿಂದುಗಡೆ ಹಾದು, ಕೆಳಗಿನ ಓಣಿಯ ಬಾವಿಯ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ಆ ಓಣಿಯಲ್ಲಿ ಕೊಳವೆಬಾವಿಯ ನೀರು ಸವಳು. ನಲ್ಲಿ ಅಲ್ಲಿಯ ತನಕ ತಲುಪಿಲ್ಲ. ಅರವತ್ತು ಮನೆಗಳಿಗೆ ಕುಡಿಯಲು ಆ ಬಾವಿಯೊಂದೇ.

ಈ ತಿಂಗಳ ಒಂಬತ್ತರಂದು ಮೊದಲ ಮಳೆಯಾಯಿತು. ಹತ್ತರಂದು ಬಾವಿಯ ನೀರು ನಾರಿತು. ಹನ್ನೆರಡರ ಹೊತ್ತಿಗೆ ಏಳು ಮಕ್ಕಳಿಗೆ ವಾಂತಿಭೇದಿ. ಅವರಲ್ಲಿ ಕೂಲಿ ಮಾಡುವ ಮುದುಕಮ್ಮನ ಮೊಮ್ಮಗಳು ಅಯ್ಯಮ್ಮ, ಎರಡನೆಯ ತರಗತಿಯ ಹುಡುಗಿ, ಸುರಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಕಳೆದ ವರ್ಷವೂ ಇದೇ ಮಗು, ಇದೇ ತಿಂಗಳು. ಇನ್ನೊಂದು ಮಳೆಗಾಲವನ್ನು ಆ ಹುಡುಗಿ ತಡೆಯಲಾರಳೆಂದು ಡಾಕ್ಟರರು ನನಗೇ ಹೇಳಿದರು.

ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ. ಎರಡು ವರ್ಷಗಳಿಂದ ಚರಂಡಿಯ ಬಣ್ಣ, ವಾಸನೆ, ಹರಿವು ಎಲ್ಲವನ್ನೂ ದಿನಾಂಕಸಹಿತ ದಾಖಲಿಸಿದ ಪುಸ್ತಕ ನನ್ನಲ್ಲಿದೆ. ದಾವೆ ಹೂಡಬೇಕು. ನೀನು ನಡೆಸಬಲ್ಲೆಯಾ?

ಖಂಡಪ್ಪ
ನಿವೃತ್ತ ಮುಖ್ಯಗುರು


ಯಾದಗಿರಿ
೨೫ ಜೂನ್ ೨೦೧೩

ಪೂಜ್ಯ ಗುರುಗಳಿಗೆ ಜಹೀರುನ್ನೀಸಾಳ ಸಲಾಮು, ನಮಸ್ಕಾರಗಳು.

ನಡೆಸುತ್ತೇನೆ. ಹಿರಿಯ ವಕೀಲರು ಬೇಕೆಂದು ತಮಗೆ ಅನ್ನಿಸಿದರೆ ಈಗಲೇ ಹೇಳಿ. ಆಮೇಲೆ ಹೇಳಿದರೆ ನಾನು ಬಿಡುವವಳಲ್ಲ.

ಇದು ಸಾರ್ವಜನಿಕರಿಗೆ ಆಗುತ್ತಿರುವ ಉಪದ್ರವ. ಇಂಥ ದಾವೆಗೆ ನ್ಯಾಯಾಲಯದ ಅನುಮತಿ ಬೇಕು, ಮತ್ತು ಕನಿಷ್ಠ ಇಬ್ಬರು ವಾದಿಗಳಿರಬೇಕು. ತಮ್ಮ ಜೊತೆ ಇನ್ನೊಬ್ಬರು ಯಾರು? ಎರಡನೆಯ ಪ್ರಶ್ನೆ: ಆ ದಾಖಲೆ ಪುಸ್ತಕದಲ್ಲಿ ತಮ್ಮದಲ್ಲದೆ ಬೇರೆಯವರ ರುಜು ಇದೆಯೇ? ಮೂರನೆಯದು: ಗಿರಣಿಯ ಚರಂಡಿ ಸರಕಾರಿ ಶಾಲೆಯ ಹಿತ್ತಲಿನಲ್ಲಿ ಹಾಯ್ದದ್ದು ಹೇಗೆ? ಯಾರು ಒಪ್ಪಿಗೆ ಕೊಟ್ಟರು?

ಪರೀಕ್ಷೆಯಲ್ಲಿ ತಾವು ಹೇಳುತ್ತಿದ್ದ ಮಾತನ್ನು ತಮಗೇ ಹೇಳುತ್ತೇನೆ: ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದು ಕಡ್ಡಾಯ.

ಅಯ್ಯಮ್ಮ ಹೇಗಿದ್ದಾಳೆ?

ತಮ್ಮ ವಿದ್ಯಾರ್ಥಿನಿ
ಜಹೀರುನ್ನೀಸಾ


ಬಿಳೇಗುಂಡ
೨ ಜುಲೈ ೨೦೧೩

ಚಿ. ಜಹೀರುನ್ನೀಸಾಳಿಗೆ ಆಶೀರ್ವಾದಗಳು.

ಅಯ್ಯಮ್ಮ ಮನೆಗೆ ಬಂದಿದ್ದಾಳೆ. ಕಾಲಲ್ಲಿ ಬಲವಿಲ್ಲ.

ಎರಡನೆಯ ವಾದಿಯಾಗಿ ಮುದುಕಮ್ಮನ ಹೆಸರು ಹಾಕು. ಓದುಬರಹ ಬಾರದವಳು. ನಿಯಮಕ್ಕೆ ಇಬ್ಬರು ಬೇಕೆಂದಿರುವುದರಿಂದ ಅವಳಿದ್ದರೆ ಸಾಕು. ಹೇಳಿಕೆ, ದಾಖಲೆ, ಸಾಕ್ಷ್ಯ ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ. ವಕಾಲತ್ತಿಗೆ ಹೆಬ್ಬೆಟ್ಟು ಹಾಕಿಸಲು ಅವಳ ಮನೆಗೆ ಹೋಗಿದ್ದೆ. ಅಲ್ಲಿ ನಡೆದ ಮಾತನ್ನು ಯಥಾವತ್ತಾಗಿ ಬರೆಯುತ್ತೇನೆ.

“ಕೋರ್ಟಿನ್ಯಾಗ ನನಗ ಏನ್ ಕೇಳ್ತಾರ್ರಿ ಮಾಸ್ತರ?”

“ನಿನಗ ಏನೂ ಕೇಳೂದಿಲ್ಲ. ನಾ ಅದೀನಿ.”

“ಏನೂ ಕೇಳೂದಿಲ್ಲಂದ್ರ ನನ್ನ ಯಾಕ ಕರೀತೀರಿ? ಬಂಡಿಗಿ ಇನ್ನೊಂದು ಎತ್ತು ಸಿಗಲಿಲ್ಲಂತ ನನ್ನ ಕಟ್ಟಾಕತ್ತೀರೇನು?”

ಓಣಿಯ ಹೆಂಗಸರು ನಕ್ಕರು. ಆದರೂ ಮುದುಕಮ್ಮ ಹೆಬ್ಬೆಟ್ಟು ಹಾಕಿದಳು.

ಅವಳ ನೀರಿನ ಕೊಡದ ಬಾಯಿಗೆ ಎರಡು ಪದರಿನ ಬಿಳಿಯ ಅರಿವೆ ಕಟ್ಟಿತ್ತು. ನೀನು ಹುಟ್ಟುವ ಮೊದಲು, ೧೯೮೬ರಲ್ಲಿ, ಈ ಭಾಗದಲ್ಲಿ ನಾರುಹುಣ್ಣು ಹಬ್ಬಿತ್ತು. ನೀರಿನೊಡನೆ ಹೊಟ್ಟೆ ಸೇರಿದ ಹುಳು ಕಾಲಿನಿಂದ ದಾರದಂತೆ ಹೊರಬೀಳುತ್ತಿತ್ತು. ಆಗ ಮನೆಮನೆಗೆ ಹೋಗಿ ಅರಿವೆ ಕಟ್ಟಿ ಸೋಸುವುದನ್ನು ಕಲಿಸಿದವನು ನಾನು. ‘ಸೋಸಿದ ನೀರೇ ಶುದ್ಧ ನೀರು’ ಎಂದು ಶಾಲೆಯ ಗೋಡೆಯ ಮೇಲೆ ನಾನೇ ಬರೆದದ್ದು ಇನ್ನೂ ಮಸುಕಾಗಿ ಕಾಣುತ್ತದೆ. ಹುಳು ಹೋಯಿತು, ರೂಢಿ ಉಳಿಯಿತು. ಅದನ್ನು ಕಂಡು ನನಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಅವಳು ಕೇಳಿದಳು: “ಒಂದು ದಿನಾ ತಪ್ಪಿಸದಂಗ ಸೋಸೇ ಕುಡಸ್ತೀನ್ರಿ. ಮತ್ಯಾಕ ಜಡ್ಡಾಕ್ಕತಿ ಕೂಸಿಗಿ?” ಕುದಿಸಿ ಕುಡಿಸು ಎಂದು ಹೇಳಿ ಬಂದೆ.

ಪುಸ್ತಕದಲ್ಲಿ ಇರುವುದು ನನ್ನೊಬ್ಬನ ರುಜು. ಮೂವತ್ತಾರು ವರ್ಷ ಹಾಜರಿ ಬರೆದ ಕೈಯ ಬರಹ ಅದು. ಅದಕ್ಕೆ ಬೇರೆಯವರ ರುಜು ಬೇಕಾಗದು.

ಚರಂಡಿ ಬಹಳ ಹಿಂದಿನದು. ದಾವೆ ತಡಮಾಡದಿರು.

ಖಂಡಪ್ಪ

ವಿ.ಸೂ.: ನಿನ್ನ ಅಕ್ಷರ ಕೆಟ್ಟಿದೆ.


ಯಾದಗಿರಿ
೧೮ ಸೆಪ್ಟೆಂಬರ್ ೨೦೧೩

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಅನುಮತಿ ದೊರೆತು ದಾವೆ ದಾಖಲಾಗಿದೆ. ಗಿರಣಿಯವರಿಗೆ ನೋಟಿಸು ಹೋಗಿದೆ.

ನೀರಿನ ಪರೀಕ್ಷೆಯ ವರದಿ ಚೆನ್ನಾಗಿಲ್ಲ. ಅಂದರೆ, ನೀರು ಚೆನ್ನಾಗಿದೆ ಎಂದಿದೆ. ಮಾದರಿಯನ್ನು ಆಗಸ್ಟ್ ಇಪ್ಪತ್ತರಂದು ತೆಗೆದಿದ್ದಾರೆ. ಆಗ ಕಾಲುವೆ ಪೂರ್ತಿ ಹರಿಯುತ್ತಿತ್ತು. ಗದ್ದೆಗಳ ಬಸಿನೀರೆಲ್ಲ ಆ ಚರಂಡಿಗೇ ಇಳಿದು ಕೊಳೆಯನ್ನು ತೊಳೆದುಕೊಂಡು ಹೋಗಿರುತ್ತದೆ. ಇನ್ನು ನಮ್ಮ ಕೈಯಲ್ಲಿರುವುದು ತಮ್ಮ ಪುಸ್ತಕ ಮಾತ್ರ. ಅದನ್ನು ಬರೆದವರ ಮಾತಿಗೆ ಎಷ್ಟು ತೂಕವೋ ಅದಕ್ಕೂ ಅಷ್ಟೇ ತೂಕ.

ಆದ್ದರಿಂದ ಮತ್ತೆ ಕೇಳುತ್ತೇನೆ. ಜೂನ್ ತಿಂಗಳ ಪತ್ರದ ಮೂರನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ.

ಜಹೀರುನ್ನೀಸಾ


ಬಿಳೇಗುಂಡ
೨೮ ಸೆಪ್ಟೆಂಬರ್ ೨೦೧೩

ಚಿ. ಜಹೀರುನ್ನೀಸಾಳಿಗೆ ಆಶೀರ್ವಾದಗಳು.

ಕಾಲುವೆ ಬಂದಾಗಿರುವ ದಿನ ಮಾದರಿ ತೆಗೆಯಬೇಕೆಂದು ಅಧಿಕಾರಿಗೆ ನಾನು ಮುಂಚಿತವಾಗಿ, ಲಿಖಿತವಾಗಿ ತಿಳಿಸಿದ್ದೆ. ಅದರ ಪ್ರತಿ ಲಗತ್ತಿಸಿದ್ದೇನೆ. ಪುಸ್ತಕದ ಇನ್ನೂರ ಹದಿನಾಲ್ಕು ದಾಖಲೆಗಳ ಶುದ್ಧಪ್ರತಿಯೂ ಇದರೊಡನೆ ಇದೆ. ಒಂದು ಚಿತ್ತುಕಾಟೂ ಇಲ್ಲ.

ಚರಂಡಿಯ ಪೂರ್ವಚರಿತ್ರೆ ಈ ದಾವೆಗೆ ಅಪ್ರಸ್ತುತ.

ಖಂಡಪ್ಪ


ಯಾದಗಿರಿ
೧೨ ನವೆಂಬರ್ ೨೦೧೩

ಪೂಜ್ಯ ಗುರುಗಳಿಗೆ,

ದಾವೆಗೆ ಗಿರಣಿಯವರ ಲಿಖಿತ ಉತ್ತರ, ಕೈಫಿಯತ್ತು, ಬಂದಿದೆ. ಅದನ್ನು ತಮಗೆ ಕಳುಹಿಸುವ ಮುನ್ನ ಒಂದು ಮಾತು: ತಾವು ನನಗೆ ಹೇಳಬೇಕಾದದ್ದು ಏನಾದರೂ ಉಳಿದಿದೆಯೇ?

ಜಹೀರುನ್ನೀಸಾ


ಬಿಳೇಗುಂಡ
೨೦ ನವೆಂಬರ್ ೨೦೧೩

ಜಹೀರುನ್ನೀಸಾಳಿಗೆ,

ಎರಡು ಸಾಲಿನ ಪತ್ರ ತಲುಪಿತು. ನಮಸ್ಕಾರ ಬರೆಯುವಷ್ಟು ಬಿಡುವೂ ಇಲ್ಲವಾಯಿತೆಂದು ಕಾಣುತ್ತದೆ.

ಕಳೆದ ವಾರ ಗುರಣ್ಣ ಸಾಹುಕಾರರ ಜೀಪು ನಿನ್ನ ಕಚೇರಿಯ ಮುಂದೆ ಒಂದು ತಾಸು ನಿಂತಿತ್ತೆಂದು ಯಾದಗಿರಿಯ ಬಸ್ಸಿನಲ್ಲಿ ಬಂದವರು ಕಟ್ಟೆಯ ಮೇಲೆ ಕುಳಿತು ಹೇಳಿದರು. “ಮಾಸ್ತರ, ನಿಮ್ಮ ಹುಡುಗಿ ಅತ್ಲಾಗ ಹೊಂಟಾಳ ನೋಡ್ರಿ” ಎಂದು ಒಬ್ಬ ನಗಾಡಿದ. ನಾನು ಅವನನ್ನು ಗದರಿಸಿ ಎಬ್ಬಿಸಿದೆ. ಆದರೆ ನಿನ್ನ ಪತ್ರದ ಧಾಟಿಯನ್ನು ಓದಿದ ಮೇಲೆ, ಗದರಿಸಿದ್ದು ಸರಿಯೇ ಎಂಬ ಸಂದೇಹ ಬಂದಿದೆ. ಹಳೆಯ ಗುರುವಿನ ದಾವೆ ಭಾರವಾಗಿದ್ದರೆ ನೇರವಾಗಿ ಹೇಳಬಹುದು.

ನಾನು ಹೇಳಬೇಕಾದದ್ದು ಏನೂ ಉಳಿದಿಲ್ಲ.

ಖಂಡಪ್ಪ


ಯಾದಗಿರಿ
೨ ಡಿಸೆಂಬರ್ ೨೦೧೩

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಸಾಹುಕಾರರು ಬಂದದ್ದು ನಿಜ. ಒಂದು ಕಾಗದ ತೋರಿಸಲು ಬಂದಿದ್ದರು. ಅದನ್ನು ನೋಡಿದರೆ ನಾನೇ ದಾವೆ ಬಿಡುತ್ತೇನೆಂದು ಎಣಿಸಿದ್ದರು. ಚಹಾ ಕುಡಿಸಿ ಕಳುಹಿಸಿದೆ.

ಅದರ ಜೆರಾಕ್ಸ್ ಪ್ರತಿ ಇದರೊಡನೆ ಇದೆ. ೯ ಆಗಸ್ಟ್ ೧೯೯೯. ಶಾಲೆಯ ಹಿತ್ತಲಿನ ಮೂಲಕ ಗಿರಣಿಯ ಚರಂಡಿ ಹಾಯಿಸಲು ಶಾಲೆಯ ಅಭ್ಯಂತರವಿಲ್ಲ. ಕೆಳಗೆ ಮುಖ್ಯಗುರುಗಳ ಮೊಹರು ಮತ್ತು ರುಜು. ರುಜು ಗುರುತಿಸಲು ನನಗೆ ತಜ್ಞರು ಬೇಕಿಲ್ಲ. ಏಳು ವರ್ಷ ನನ್ನ ಅಂಕಪಟ್ಟಿಯ ಕೆಳಗೆ ಅದನ್ನೇ ನೋಡಿದ್ದೇನೆ.

ಚರಂಡಿಗೆ ದಾರಿ ಕೊಟ್ಟವರೇ ಈಗ ಚರಂಡಿಯ ಬಣ್ಣ ಬರೆದಿಟ್ಟಿದ್ದಾರೆ, ಅವರ ಪುಸ್ತಕವನ್ನು ನಂಬುವುದು ಹೇಗೆ ಎಂಬುದು ಗಿರಣಿಯವರ ವಾದ. ನಾನು ಅವರ ವಕೀಲಳಾಗಿದ್ದರೂ ಅದನ್ನೇ ವಾದಿಸುತ್ತಿದ್ದೆ.

ಮೂರು ಸಲ ಕೇಳಿದೆ, ಮಾಸ್ತರೇ. ಕೊನೆಯ ಸಲ ಕೇಳಿದಾಗ ಈ ಕಾಗದ ನನ್ನ ಮೇಜಿನ ಮೇಲೆಯೇ ಇತ್ತು. ತಮ್ಮ ಬಾಯಿಂದಲೇ ಬರಲಿ ಎಂದು ಕಾದಿದ್ದೆ. ಅದು ನನ್ನ ತಪ್ಪು. ವಕೀಲರು ಕಾಯಬಾರದು.

ಇನ್ನೊಂದು ಮಾತು, ಇದು ವಕೀಲಳದಲ್ಲ. ಅದೇ ತಿಂಗಳು ಸಾಹುಕಾರರು ಶಾಲೆಗೆ ಆವರಣದ ಗೋಡೆ ಕಟ್ಟಿಸಿಕೊಟ್ಟರು. ನಾನಾಗ ಆರನೆಯ ತರಗತಿಯಲ್ಲಿದ್ದೆ. ಗೋಡೆಯಿಲ್ಲದ ಶಾಲೆಗೆ ದೊಡ್ಡ ಹುಡುಗಿಯನ್ನು ಕಳುಹಿಸುವುದಿಲ್ಲವೆಂದು ಅಬ್ಬಾ ನನ್ನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿದ್ದರು. ಗೋಡೆ ಎದ್ದ ಮರುದಿನ ಅವರೇ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟರು. ಆ ಗೋಡೆ ಎದ್ದದ್ದು ಯಾಕೆಂದು ಈಗ ತಿಳಿಯಿತು.



ಜಹೀರುನ್ನೀಸಾ


ಬಿಳೇಗುಂಡ
೧೧ ಜನವರಿ ೨೦೧೪

ಚಿ. ಜಹೀರುನ್ನೀಸಾಳಿಗೆ,

ಉತ್ತರಿಸಲು ನಲವತ್ತು ದಿನ ಹಿಡಿಯಿತು. ಮೊದಲ ಇಪ್ಪತ್ತು ದಿನ ನಿನ್ನ ಪತ್ರಕ್ಕೆ ಸಮರ್ಥನೆಗಳನ್ನು ಬರೆದು ಬರೆದು ಹರಿದೆ. ಕೊನೆಯ ಹತ್ತು ದಿನ ಹಾಸಿಗೆಯಲ್ಲಿದ್ದೆ. ಅದರ ಕಾರಣ ಕೆಳಗೆ ಬರುತ್ತದೆ.

ರುಜು ನನ್ನದೇ. ಗೋಡೆಗಾಗಿಯೇ ಹಾಕಿದೆ. ಆ ವರ್ಷ ಹನ್ನೊಂದು ಹುಡುಗಿಯರು ಶಾಲೆ ಬಿಡುವುದರಲ್ಲಿದ್ದರು. ಮಳೆನೀರು ಹೋಗಲು ಎಂದು ಸಾಹುಕಾರರು ಹೇಳಿದರು. ನಾನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಭತ್ತ ಬೇಯಿಸುವ ಗಿರಣಿಯಿಂದ ಏನು ಹರಿಯುತ್ತದೆಂದು ನನಗೆ ತಿಳಿದಿತ್ತು. ಹಳ್ಳ ಒಯ್ಯುತ್ತದೆ ಬಿಡು ಎಂದುಕೊಂಡೆ. ನಮ್ಮ ಮೇಲಿನ ಓಣಿಗೆ ನಲ್ಲಿಯ ನೀರು ಬರುತ್ತದೆ. ಆ ಬಾವಿಯ ನೀರನ್ನು ನಾನು ಒಂದು ದಿನವೂ ಕುಡಿದವನಲ್ಲ.

ಡಿಸೆಂಬರ್ ಕೊನೆಯಲ್ಲಿ, ಬೆಳಿಗ್ಗೆ, ಬಾವಿಗೆ ಹೋಗಿ ನಿಂತು ಎಲ್ಲರ ಎದುರಿಗೆ ಇದನ್ನೇ ಹೇಳಿದೆ. ಮುದುಕಮ್ಮ ಹಗ್ಗ ಸೇದುತ್ತಿದ್ದಳು. ಕೊಡವನ್ನು ಮೇಲೆಳೆದು ಕಟ್ಟೆಯ ಮೇಲಿಟ್ಟಳು.

“ಗ್ವಾಡಿ ಬಂದಿದ್ದಕ್ಕ ಹುಡುಗ್ಯಾರು ಕಲ್ತಾರ, ಅದು ಸುಳ್ಳಲ್ರಿ” ಎಂದಳು. “ಆದ್ರ ಯಾರ ಹುಡುಗ್ಯಾರು ಕಲ್ತಾರ, ಯಾರ ಹುಡುಗ್ಯಾರು ಹಾಸಿಗಿ ಹಿಡದಾರ, ಅದನ್ನ ನಿಮ್ಮ ಪುಸ್ತಕದಾಗ ಬರದೀರೇನು?”

ಅವಳು ಅರಿವೆ ಕಟ್ಟಿ ಸೋಸಿ ಒಂದು ತಂಬಿಗೆ ನೀರು ಮುಂದೆ ಹಿಡಿದಳು. “ಕುಡೀರಿ. ಸೋಸೀನಿ, ಅಂಜಬ್ಯಾಡ್ರಿ. ನೀವs ಕಲಿಸಿದ್ದು.”

ಕುಡಿದೆ.

ಅನಂತರ ಅವಳು ನನ್ನನ್ನು ಮನೆಗೆ ಕರೆದೊಯ್ದು ಮೇಲೆ ನೋಡಿರೆಂದಳು. ಜಂತಿಯ ಉದ್ದಕ್ಕೂ ಗಂಟು ಕಟ್ಟಿದ ಅರಿವೆಗಳು ಸಾಲಾಗಿ ತೂಗುತ್ತಿದ್ದವು. ಎಣಿಸಿದೆ: ಇಪ್ಪತ್ತೇಳು. ಪ್ರತಿ ವರ್ಷ ಮುಂಗಾರಿನ ಕಾರಹುಣ್ಣಿಮೆಗೆ ಕೊಡಕ್ಕೆ ಹೊಸ ಅರಿವೆ, ಹಳೆಯದು ಜಂತಿಗೆ.

“ಇವನ್ನ ಯಾಕ ಇಟ್ಟೀದಿ?”

“ನನಗ ಕೇಳ್ತೀರಲ್ಲ! ಬಿಸಾಕಬ್ಯಾಡ್ರಿ, ಸುಡಬ್ಯಾಡ್ರಿ, ಹುಳ ಇರತಾವ, ನೋಡಾಕ ದವಾಖಾನಿ ಮಂದಿ ಬಂದು ಒಯ್ತಾರಂತ ನೀವs ಹೇಳಿದ್ರಿ. ಯಾರೂ ಬರಲಿಲ್ಲ. ನೀವೂ ಬ್ಯಾಡ ಅನಲಿಲ್ಲ.”

ಆ ಒಂದು ವರ್ಷಕ್ಕೆಂದು ಹೇಳಿದ ಮಾತು ಅದು. ಹಿಂದಕ್ಕೆ ತೆಗೆದುಕೊಳ್ಳಲು ಮರೆತಿದ್ದೆ. ಜಹೀರುನ್ನೀಸಾ, ಬಾಗಿಲ ಕಡೆಯಿಂದ ಹದಿಮೂರು ಅರಿವೆಗಳು ಮಣ್ಣಿನ ಬಣ್ಣದವು, ಮೆತ್ತಗಿವೆ. ಗಿರಣಿಯ ಚರಂಡಿ ಹರಿದ ವರ್ಷದಿಂದ ಈಚೆಗಿನ ಹದಿನಾಲ್ಕು ಕಂದುಗಟ್ಟಿ, ಗಂಜಿ ಹಾಕಿದಂತೆ ಬಿರುಸಾಗಿವೆ. ಮೂಸಿದರೆ ಇಂದಿಗೂ ಹುಳಿ. ಪಕ್ಕದ ಸುಂದ್ರಮ್ಮನ ಮನೆಯಲ್ಲೂ ಹಾಗೆಯೇ ಇವೆ. ನಾನು ಎರಡು ವರ್ಷ ಬರೆದದ್ದನ್ನು ಈ ಮನೆಗಳು ಇಪ್ಪತ್ತೇಳು ವರ್ಷ ಬರೆದಿಟ್ಟಿವೆ.

ಮರುದಿನ ವಾಂತಿಭೇದಿ ಹಿಡಿಯಿತು. ವಿವರ ಬೇಡ.

ನನ್ನ ಹೆಸರನ್ನು ದಾವೆಯಿಂದ ತೆಗೆಸೆಂದು ನಿನಗೆ ಬರೆಯುವುದಾಗಿ ಮುದುಕಮ್ಮನಿಗೆ ತಿಳಿಸಿದೆ. ಅವಳು ಒಪ್ಪಲಿಲ್ಲ. “ಈಗ ಬಿಟ್ಟು ಹೋದ್ರ ಹೆಂಗ? ಇರ್ರಿ. ಆದ್ರ ನನ್ನ ಹೆಸರು ಮ್ಯಾಲಿರ್ಲಿ, ನಿಮ್ದು ಕೆಳಗಿರ್ಲಿ” ಎಂದಳು. ಅದು ಸಾಧ್ಯವೇ?

ಕಾಗದದ ಸತ್ಯಾಂಶವನ್ನು ನನ್ನದೇ ಪ್ರಮಾಣಪತ್ರದಲ್ಲಿ ಸಲ್ಲಿಸು. ಎಲ್ಲಿ ಬೇಕಾದರೂ ರುಜು ಹಾಕುತ್ತೇನೆ, ಈ ಸಲ ಏನನ್ನೂ ಮುಚ್ಚಿಡದೆ.

ಜೀಪಿನ ವಿಷಯದಲ್ಲಿ ನಿನ್ನ ಮೇಲೆ ಸಂದೇಹಪಟ್ಟೆ. ಕ್ಷಮಿಸು ಎಂಬ ಶಬ್ದವನ್ನು ವಿದ್ಯಾರ್ಥಿಗೆ ಬರೆದು ನನಗೆ ಅಭ್ಯಾಸವಿಲ್ಲ, ಬರೆದಿದ್ದೇನೆ.

ಖಂಡಪ್ಪ


ಯಾದಗಿರಿ
೨೦ ಫೆಬ್ರುವರಿ ೨೦೧೪

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಆರೋಗ್ಯ ಹೇಗಿದೆ? ನಲ್ಲಿಯ ನೀರನ್ನೂ ಕುದಿಸಿ ಕುಡಿಯಿರಿ.

ಹೆಸರುಗಳ ಕ್ರಮದಿಂದ ಕಾನೂನಿನಲ್ಲಿ ವ್ಯತ್ಯಾಸವೇನೂ ಆಗದು. ಅದನ್ನು ಫೋನಿನಲ್ಲಿ ಮುದುಕಮ್ಮನಿಗೆ ಹೇಳಿದೆ. “ನಿನ್ನ ಕಾನೂನಿಗಿ ಆಗಾಂಗಿಲ್ಲವ್ವಾ, ನನಗ ಆಕ್ಕತಿ” ಎಂದಳು. ತಿದ್ದುಪಡಿಯ ಅರ್ಜಿ ಹಾಕಿದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮಂಜೂರು ಮಾಡಿದರು.

ಗಿರಣಿಯ ವಕೀಲರು ಆ ಕಾಗದವನ್ನು ಎತ್ತಿ ಹಿಡಿದಾಗ, ತಮ್ಮ ಪ್ರಮಾಣಪತ್ರ ಆಗಲೇ ಕಡತದಲ್ಲಿತ್ತು. ಮುಚ್ಚಿಡದ ಮಾತಿನಿಂದ ಹೆದರಿಸಲಾಗುವುದಿಲ್ಲ. ಆದರೂ ಪುಸ್ತಕದ ತೂಕ ಕಡಿಮೆಯಾಗಿದೆ. ಸ್ಥಳ ಪರಿಶೀಲನೆಗೆ ನ್ಯಾಯಾಲಯ ಒಬ್ಬ ಕಮಿಷನರರನ್ನು ನೇಮಿಸಿದೆ. ಮಾರ್ಚ್ ಹದಿನೆಂಟರಂದು ಬರುತ್ತಾರೆ. ಮಳೆಯಿಲ್ಲದ ತಿಂಗಳು. ಚರಂಡಿ ಒಣಗಿರುತ್ತದೆ, ಗಿರಣಿಗೆ ಸುಣ್ಣ ಬಳಿದಿರುತ್ತಾರೆ. ಅರಿವೆಗಳನ್ನು ಯಾರೂ ಮುಟ್ಟದಂತೆ, ಇದ್ದಲ್ಲಿಯೇ ಇರುವಂತೆ ನೋಡಿಕೊಳ್ಳಿ. ತಾವು ಅಂದು ಏನೂ ಮಾತನಾಡಬೇಡಿ. ಅವಳೇ ಮಾತನಾಡಲಿ.

ಆ ಗೋಡೆಯ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಅದರ ಋಣ ನನ್ನ ಮೇಲೂ ಇದೆ. ಈ ದಾವೆಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಜಹೀರುನ್ನೀಸಾ


ಬಿಳೇಗುಂಡ
೧೪ ಜೂನ್ ೨೦೧೪

ವಕೀಲ ಜಹೀರುನ್ನೀಸಾಗ ಮುದುಕಮ್ಮ ಮಾಡೂ ಶರಣಾರ್ಥಿ.

ಮಾಸ್ತರ ಬರ್ಯಾಕತ್ತಾರ, ನಾ ಹೇಳಾಕತ್ತೇನಿ. ಒಂದೂ ತಿದ್ದಬ್ಯಾಡ್ರಿ ಅಂತ ಆಣಿ ಹಾಕೀನಿ.

ಕಮಿಷನರ ಸಾಹೇಬ್ರು ಬಂದ ದಿನಾ ನೀ ಇದ್ದಿ, ಎಲ್ಲಾ ನೋಡೀದಿ. ನೀ ಬಸ್ ಹತ್ತಿ ಹೋದ ಮ್ಯಾಲಿನ ಮಾತು ಹೇಳತೀನಿ. ಸಾಹೇಬ್ರು ಮತ್ತ ಒಳಗ ಬಂದು, ಜಂತಿ ಕಡಿ ನೋಡಿಕೋತ, “ಇಷ್ಟು ವರ್ಷ ಯಾರಿಗಿ ಕಾದೀ ಅಮ್ಮ?” ಅಂದ್ರು. “ನಿಮಗs ರೀ” ಅಂದೆ. “ಒಯ್ಯಾಕ ಬರ್ತಾರ ಅಂದಿದ್ರು ಮಾಸ್ತರ. ಇಪ್ಪತ್ತೇಳು ವರ್ಷಕ್ಕ ಬಂದ್ರಿ” ಅಂದೆ. ಅವರು ನಗಲಿಲ್ಲ. ಒಂದೊಂದs ಗಂಟು ಬಿಚ್ಚಿ, ಚೀಟಿ ಹಚ್ಚಿ, ಪೆಟಿಗ್ಯಾಗ ಇಟಗೊಂಡು ಹೋದ್ರು. ಜಂತಿ ಬೋಳಾತು. ಆ ದಿನಾ ಮನ್ಯಾಗ ನನಗ ಬ್ಯಾರೆ ಯಾರದೋ ಮನಿ ಅನಿಸ್ತು.

ಆಮ್ಯಾಗ ಕೋರ್ಟಿನ ಹುಕುಂ ಬಂತು, ಕೇಸು ಮುಗಿಯೂತನಕ ಹೊಂಡದಿಂದ ಗಟಾರಕ್ಕ ಬೀಳೂ ಬಾಯಿ ಮುಚ್ಚಬೇಕಂತ. ಗುರಣ್ಣ ಸಾವಕಾರ ಮಾರಿ ಸಣ್ಣದು ಮಾಡ್ಕೊಂಡು ನಿಂತು ಮುಚ್ಚಿಸ್ಯಾನ. ಮೊನ್ನಿ ಹಗಲಾಗ ಮಳಿ ಆತು. ಓಣಿ ಹೆಣ್ಮಕ್ಕಳೆಲ್ಲಾ ಕೊಡ ಬಿಟ್ಟು ಗಟಾರದ ದಂಡಿಗಿ ನಿಂತ್ವಿ. ಬರೇ ಕೆಂಪು ನೀರು ಬಂತವ್ವಾ. ಮಣ್ಣಿನ ನೀರು. ಹದಿನೈದು ವರ್ಷದ ಮ್ಯಾಲ ನೋಡಿದ್ವಿ.

ಆದ್ರ ಖುಷಿ ಆಗ್ಬ್ಯಾಡ. ಬಾವಿ ಇನ್ನೂ ನಾರತೈತಿ. ತಳದಾಗ ಕುಂತದ್ದು ಎಲ್ಲಿ ಹೋಗಬೇಕು? ಹೊಂಡದಾಗ ಆ ಹುಳಿ ನೀರು ತುಂಬೇ ಐತಿ, ಸಾವಕಾರ ಒಂದಿನ ಎಲ್ಲಿಯಾದ್ರೂ ಬಿಡತಾನ. ನೀ ಅದನ್ನೂ ಕೇಳಬೇಕು ಕೋರ್ಟಿನ್ಯಾಗ. ಅಲ್ಲಿತನಕ ನಾವು ಬಾವಿಗಿ ಕೊಡ ಇಳಸಾಂಗಿಲ್ಲ. ಮಾಸ್ತರ ತಮ್ಮ ನಳಕ್ಕ ಉದ್ದ ಪೈಪ್ ಜೋಡಿಸಿ ಬೀದಿಗಿ ಬಿಟ್ಟಾರ. ಮ್ಯಾಲಿನ ಓಣಿಯವರು ಒಂದು ನಾಕು ದಿನ ಗೊಣಗಿದ್ರು. ಮಾಸ್ತರ ಕುರ್ಚಿ ಹಾಕ್ಕೊಂಡು ಪೈಪಿನ ಬಾಜೂಕ ಕುಂತ್ರು. ಅವರು ಕುಂತಲ್ಲಿ ಯಾರ ಮಾತೂ ನಡ್ಯೂದಿಲ್ಲ, ನಿನಗ ಗೊತ್ತೈತಲ್ಲ.

ಅಯ್ಯಮ್ಮ ಈ ವರ್ಷ ಹಾಸಿಗಿ ಹಿಡದಿಲ್ಲ. ಇಷ್ಟು ಬರದ್ರ ಸಾಕು ಅಂದ್ರು ಮಾಸ್ತರ. ಸಾಕಾಗಾಂಗಿಲ್ಲ, ಇನ್ನೊಂದು ಬರೀರಿ ಅಂದೆ. ನಿನ್ನಿ ಕಾರಹುಣ್ಣಿಮಿ. ಕೊಡಕ್ಕ ಹೊಸ ಅರಿವಿ ಕಟ್ಟೀನಿ, ಹಳೇದು ಜಂತಿಗಿ. ಯಾಕಂತ ಮಾಸ್ತರ ಕೇಳಿದ್ರು. ಕೇಸು ಇನ್ನೂ ಮುಗದಿಲ್ಲಲ್ರಿ, ಮತ್ತ ಒಯ್ಯಾಕ ಬರತಾರಂದೆ.

ಮುದುಕಮ್ಮ (ಹೆಬ್ಬೆಟ್ಟು)

ಮೇಲಿನವು ಮೊದಲನೆಯ ವಾದಿಯ ಮಾತುಗಳು. ಹೇಳಿದಂತೆ ಬರೆದಿದ್ದೇನೆ, ಒಂದಕ್ಷರವನ್ನೂ ತಿದ್ದಿಲ್ಲ. ಬರೆದು ಮುಗಿಸಿದ ಮೇಲೆ ಅವರಿಗೆ ಎರಡು ಸಲ ಓದಿ ಹೇಳಿದ್ದೇನೆ.

ಖಂಡಪ್ಪ
ಎರಡನೆಯ ವಾದಿ